ಆತಕೂರಿನ ಕಲ್ಲು ಮತ್ತು ರೋಮಿನ ಭಸ್ಮಕರಂಡಗಳು: ಸ್ಮಾರಕದ ಹೊಣೆಯನ್ನು ಕುರಿತು ಒಂದು ವಿಚಾರ

೧

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಶಿಲಾಶಾಸನವು ಕರ್ನಾಟಕದ ಇತಿಹಾಸವನ್ನು ಅಭ್ಯಾಸ ಮಾಡಿದವರಿಗೆಲ್ಲ ಪರಿಚಿತವಾದುದೇ ಸರಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧಕ್ಕೆ ಅದು ಮುಖ್ಯವಾದ ಆಧಾರ. ನಮ್ಮ ತರಗತಿಗಳಲ್ಲಿ ಅದನ್ನು ಉದಾಹರಿಸುವುದು ಬಹುಮಟ್ಟಿಗೆ ಈ ಯುದ್ಧದ ಸಲುವಾಗಿಯೇ. ಆದರೆ ಆ ಕಲ್ಲನ್ನು ನಿಲ್ಲಿಸಿದುದು ಒಂದು ಬೇಟೆನಾಯಿಯ ನೆನಪಿಗಾಗಿ. ಯುದ್ಧದ ವರ್ಣನೆ ಆ ನೆನಪಿಗೆ ಹಿನ್ನೆಲೆಯಾಗಿ ಬಂದಿದೆ. ಈ ಸಂಗತಿಯನ್ನು ವಿದ್ವಾಂಸರು ಗಮನಿಸದೆ ಇಲ್ಲ. ಆದರೂ ನಾಯಿಯ ಕಥೆಯನ್ನು ಒಂದು ಕೌತುಕವೆಂದು ಹೇಳಿ ಮುಂದೆ ಸಾಗುವುದೇ ವಾಡಿಕೆಯಾಗಿದೆ.

ಪ್ರಕೃತ ಲೇಖನದಲ್ಲಿ ನಾವು ಈ ಕಲ್ಲನ್ನು ಅದರ ಮೂಲ ಸ್ವರೂಪದಲ್ಲಿ, ಎಂದರೆ ಮೃತರ ಸ್ಮಾರಕವೆಂದು, ಪರಿಶೀಲಿಸಬಯಸುತ್ತೇವೆ. ಹೋಲಿಕೆಗಾಗಿ ಪ್ರಾಚೀನ ರೋಮಿನ ಅಮೃತಶಿಲೆಯ ಭಸ್ಮಕರಂಡಗಳನ್ನು ತೆಗೆದುಕೊಂಡಿದ್ದೇವೆ. ಶವವನ್ನು ದಹಿಸಿದ ಮೇಲೆ ಉಳಿದ ಅಸ್ಥಿಯನ್ನೂ ಬೂದಿಯನ್ನೂ ತುಂಬಿಡುತ್ತಿದ್ದ ಕೆತ್ತನೆಯ ಪಾತ್ರೆಗಳು ಇವು. ಮೇಲುನೋಟಕ್ಕೆ ಇವೆರಡಕ್ಕೂ ಯಾವ ಸಂಬಂಧವೂ ತೋರುವುದಿಲ್ಲ. ರೋಮಿನ ಬೆಳ್ಳಿಯ ನಾಣ್ಯಗಳು ೧೮೯೧ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿಯೂ, ಆಮೇಲೆ ಚಂದ್ರವಳ್ಳಿಯ ಉತ್ಖನನಗಳಲ್ಲಿಯೂ ದೊರೆತಿವೆಯೆಂಬುದು ನಿಜ. ಆದರೆ ನಾಣ್ಯ ಬಂದ ದಾರಿಯಲ್ಲಿ ಶವಸಂಸ್ಕಾರದ ಪದ್ಧತಿಯೂ ಬಂದಿತೆಂದು ಹೇಳಲು ಆಧಾರವಿಲ್ಲ. ಕರಂಡಗಳಿಗೂ ಆತಕೂರಿನ ಕಲ್ಲಿಗೂ ನಡುವೆ ಸುಮಾರು ಎಂಟು ಶತಮಾನಗಳ ಅಂತರವೂ ಉಂಟು. ಒಂದರಿಂದ ಇನ್ನೊಂದು ಹುಟ್ಟಿತೆಂಬುದು ನಮ್ಮ ವಾದವಲ್ಲ. ಸತ್ತವರ ನೆನಪನ್ನು ಯಾರು, ಯಾವ ಹೊಣೆಯಿಂದ ನಡೆಸಿಕೊಂಡು ಹೋಗಬೇಕೆಂಬ ಪ್ರಶ್ನೆಗೆ ಎರಡು ಸಮಾಜಗಳೂ ಕಂಡುಕೊಂಡ ಉತ್ತರಗಳು ಒಂದನ್ನೊಂದು ಬೆಳಗುತ್ತವೆಯೆಂಬುದಷ್ಟೇ ನಮ್ಮ ಅಭಿಪ್ರಾಯ.

೨

ಮೊದಲು ಶಾಸನದ ವಿಷಯವನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. ಅದರ ಕಾಲ ಶಕವರ್ಷ ೮೭೨, ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. ೯೪೯–೫೦. ಫ್ಲೀಟರು ಇದನ್ನು ‘ಎಪಿಗ್ರಾಫಿಯ ಇಂಡಿಕ’ದಲ್ಲಿ ಸಂಪಾದಿಸಿದರು, ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಸೇರಿಸಿದರು. ತಕ್ಕೋಲದ ಯುದ್ಧದಲ್ಲಿ ಗಂಗ ಇಮ್ಮಡಿ ಬೂತುಗನು ರಾಜಾದಿತ್ಯನನ್ನು ಕೊಂದನೆಂದೂ, ಅದನ್ನು ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಎಂಬ ನಾಡುಗಳನ್ನು ಕೊಟ್ಟನೆಂದೂ ಶಾಸನವು ತಿಳಿಸುತ್ತದೆ. ಬೂತುಗನು ರಾಜಾದಿತ್ಯನನ್ನು ವಂಚನೆಯಿಂದ ಕೊಂದನೆಂದು ಫ್ಲೀಟರು ಮೊದಲು ಅರ್ಥ ಮಾಡಿದ್ದರು. ಆನೆಯ ಮೇಲಣ ಅಂಬಾರಿಯೇ ಕಾಳಗದ ಕಣವಾಯಿತೆಂಬ ಅರ್ಥವನ್ನು ಅವರೇ ಮುಂದೆ ಒಪ್ಪಿದರು. ರಾಜಾದಿತ್ಯನು ಆನೆಯ ಮೇಲೆ ಕುಳಿತಿದ್ದಾಗಲೇ ಮಡಿದನೆಂದು ಚೋಳರ ದೊಡ್ಡ ಲೈಡನ್ ತಾಮ್ರಪಟಗಳೂ ಹೇಳುವುದರಿಂದ ಈ ತಿದ್ದುಪಡಿ ಸಮರ್ಥವಾದುದೆಂದು ತೋರುತ್ತದೆ.

ಇರಲಿ. ಕೃಷ್ಣನು ಬೂತುಗನಿಗೆ ಮೆಚ್ಚಿದಂತೆ, ಬೂತುಗನು ತನ್ನ ಆಳಾದ ಮಣಲೆರನಿಗೆ ಮೆಚ್ಚಿದನು. ಸಗರವಂಶದವನಾದ ಈ ಮಣಲೆರನು ಬೇಡಿದುದು ಕಾಳಿ ಎಂಬ ನಾಯಿಯನ್ನು. ಅದು ಅವನಿಗೆ ದೊರೆಯಿತು. ಕೆಲಲೆನಾಡಿನ ಬೆಳತೂರಿನ ಪಶ್ಚಿಮಕ್ಕಿರುವ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟಾಗ ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಅದಕ್ಕಾಗಿ ಆತಕೂರಿನ ಚೆಲ್ಲೇಶ್ವರದ ಮುಂದೆ ಕಲ್ಲನ್ನು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನು ಬಿಡಲಾಯಿತು. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ, ಎಂದರೆ ಕತ್ತಿಯನ್ನು ತೊಳೆದು ಕೊಡುವ ವೀರದತ್ತಿಯಾಗಿ, ಕೊಟ್ಟ ಸಂಗತಿಯೂ ಇದೇ ಕಲ್ಲಿನಲ್ಲಿದೆ. ನಾಯಿಯೂ ಹಂದಿಯೂ ಸೆಣಸುವ ದೃಶ್ಯವನ್ನು ಕಲ್ಲಿನ ಮೇಲೆ ಕೆತ್ತಲಾಗಿದೆ.

ಇಲ್ಲಿ ಒಂದು ಕ್ರಮವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಚಕ್ರವರ್ತಿಯಿಂದ ಮಾಂಡಲಿಕನಿಗೆ ನಾಡುಗಳು, ಮಾಂಡಲಿಕನಿಂದ ಆಳಿಗೆ ಊರುಗಳು, ಕಡೆಗೆ ನಾಯಿಗೆ ಕೆರೆಯ ಕೆಳಗಣ ಎರಡು ಕಂಡುಗ ಗದ್ದೆ. ಸೇವೆ ಮತ್ತು ಮೆಚ್ಚುಗೆಗಳ ಈ ಸರಪಣಿಯ ಕೊನೆಯ ಕೊಂಡಿ ಕಾಳಿ. ನಾಯಿಯ ಸ್ಮಾರಕದಲ್ಲಿ ಮಹಾಯುದ್ಧದ ಕಥೆ ಏಕೆ ಬಂದಿತೆಂಬುದಕ್ಕೆ ಇದೇ ಕಾರಣವೆಂದು ನಾವು ಭಾವಿಸುತ್ತೇವೆ.

೩

ಇನ್ನು ರೋಮಿನ ಕಡೆಗೆ ನೋಡೋಣ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿಯೂ ಎರಡನೆಯ ಶತಮಾನದ ಮೊದಲ ಭಾಗದಲ್ಲಿಯೂ ರೋಮ್ ನಗರದಲ್ಲಿ ದಹನವೇ ಸಾಮಾನ್ಯ ಪದ್ಧತಿಯಾಗಿತ್ತು. ಹನ್ನೆರಡು ಫಲಕಗಳ ಶಾಸನವೆಂಬ ಹಳೆಯ ಕಾನೂನು ನಗರದ ಒಳಗೆ ಶವವನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿತ್ತು. ಆದುದರಿಂದ ಸಮಾಧಿಗಳು ಆಪಿಯನ್ ಹೆದ್ದಾರಿಯೇ ಮೊದಲಾದ ದಾರಿಗಳ ಇಕ್ಕೆಲಗಳಲ್ಲಿ ಬೆಳೆದವು. ಚಿತೆ ಆರಿದ ಮೇಲೆ ಬಂಧುಗಳು ಅಸ್ಥಿಯನ್ನು ಆರಿಸಿ, ದ್ರಾಕ್ಷಾರಸದಲ್ಲಿ ತೊಳೆದು, ಪಾತ್ರೆಯಲ್ಲಿ ತುಂಬುತ್ತಿದ್ದರು. ಬಡವರಿಗೆ ಮಣ್ಣಿನ ಮಡಕೆ. ಅನುಕೂಲವುಳ್ಳವರಿಗೆ ಅಮೃತಶಿಲೆಯ ಕರಂಡ. ಕರಂಡಗಳು ಒಬ್ಬನು ಎತ್ತಬಹುದಾದಷ್ಟು ಚಿಕ್ಕವು, ಚೌಕಾಕಾರವಾಗಿಯೋ ದುಂಡಗೋ ಇರುವಂಥವು. ಮೂಲೆಗಳಲ್ಲಿ ಟಗರಿನ ತಲೆಗಳು, ಅವುಗಳ ಕೊಂಬಿನಿಂದ ಇಳಿಬಿಟ್ಟ ಹೂಹಣ್ಣುಗಳ ಮಾಲೆ, ಮಾಲೆಯ ಕೆಳಗೆ ಹಕ್ಕಿಗಳು, ಕೆಲವೆಡೆ ರೆಕ್ಕೆ ಬಿಚ್ಚಿದ ಹದ್ದು ಅಥವಾ ಅರೆತೆರೆದ ಬಾಗಿಲು; ನಡುವೆ ಹೆಸರಿಗೆಂದು ಬಿಟ್ಟ ಫಲಕ. ಫಲಕದ ತಲೆಯಲ್ಲಿ ಪಿತೃದೇವತೆಗಳಿಗೆ ಅರ್ಪಿತವೆಂಬ ಅರ್ಥದ ಎರಡು ಅಕ್ಷರಗಳನ್ನು ಬಹುಶಃ ಎಲ್ಲರೂ ಬಲ್ಲ ಸಂಕ್ಷೇಪವಾಗಿ ಕೊರೆಯುತ್ತಿದ್ದರು.

ಇಂಥ ಕರಂಡಗಳನ್ನೂ ಮಡಕೆಗಳನ್ನೂ ಸಾಲುಸಾಲಾಗಿ ಗೂಡುಗಳಲ್ಲಿ ಇರಿಸುತ್ತಿದ್ದ ನೆಲಮಾಳಿಗೆಗಳಿಗೆ ಪಾರಿವಾಳದ ಗೂಡೆಂಬ ಅರ್ಥದ ‘ಕೊಲಂಬೇರಿಯಂ’ ಎಂದು ಹೆಸರು. ಸಾಮ್ರಾಟ ಅಗಸ್ಟಸನ ಪತ್ನಿ ಲಿವಿಯಳ ಪರಿವಾರದವರಿಗೆ ಸೇರಿದ ಒಂದು ಕೊಲಂಬೇರಿಯಂ ೧೭೨೬ರಲ್ಲಿ ಆಪಿಯನ್ ಹೆದ್ದಾರಿಯ ಬಳಿ ದೊರೆಯಿತು. ಅಲ್ಲಿಯ ಬರಹಗಳಲ್ಲಿ ಒಡತಿಯ ತಲೆಗೂದಲನ್ನು ಸಿಂಗರಿಸುತ್ತಿದ್ದವಳು, ಉಣ್ಣೆಯನ್ನು ತೂಗಿಕೊಡುತ್ತಿದ್ದವನು, ಅಕ್ಕಸಾಲಿ ಮುಂತಾದವರ ಹೆಸರುಗಳು ಕಸುಬಿನೊಡನೆ ಬಂದಿವೆ. ಇವರಲ್ಲಿ ಹೆಚ್ಚಿನವರು ದಾಸರು ಅಥವಾ ದಾಸ್ಯದಿಂದ ಬಿಡುಗಡೆ ಪಡೆದವರು. ಇಲ್ಲಿ ಒಂದು ಮುಖ್ಯವಾದ ಅಂಶವಿದೆ. ರೋಮಿನ ಕಾನೂನಿನಂತೆ ದಾಸನಿಗೆ ತಂದೆಯಿಲ್ಲ. ಹುಟ್ಟಿನಿಂದ ಸ್ವತಂತ್ರನಾದವನು ತನ್ನ ಹೆಸರಿನೊಡನೆ ತಂದೆಯ ಹೆಸರನ್ನು ಬರೆಸಿದರೆ, ಬಿಡುಗಡೆ ಪಡೆದವನು ಆ ಸ್ಥಳದಲ್ಲಿ ಹಳೆಯ ಒಡೆಯನ ಹೆಸರನ್ನು ಬರೆಸಬೇಕಾಗಿತ್ತು. ಪೂರ್ವಜರ ಸಾಲೇ ಇಲ್ಲದ ಇಂಥವರಿಗೆ ಪಿತೃಕಾರ್ಯವನ್ನು ಮಾಡುವವರು ಯಾರು?

೪

ಈ ಪ್ರಶ್ನೆಗೆ ರೋಮನರು ಕಂಡುಕೊಂಡ ಒಂದು ಉತ್ತರವು ಸಂಘಗಳ ರೂಪದಲ್ಲಿತ್ತು. ರೋಮಿಗೆ ಸಮೀಪದ ಲನುವಿಯಂ ಎಂಬ ಪಟ್ಟಣದಲ್ಲಿ ಕ್ರಿ.ಶ. ೧೩೬ರಲ್ಲಿ ಕಲ್ಲಿನಲ್ಲಿ ಬರೆಸಿದ ಒಂದು ಸಂಘದ ನಿಯಮಾವಳಿ ಉಳಿದುಬಂದಿದೆ. ಸೇರುವವನು ೧೦೦ ಸೆಸ್ಟರ್ಸ್ ನಾಣ್ಯಗಳನ್ನೂ ಒಂದು ಹರವಿ ಒಳ್ಳೆಯ ದ್ರಾಕ್ಷಾರಸವನ್ನೂ ಕೊಡಬೇಕು. ಆಮೇಲೆ ಪ್ರತಿ ತಿಂಗಳೂ ೫ ಆಸ್ ಎಂಬ ಸಣ್ಣ ನಾಣ್ಯಗಳನ್ನು ಸಲ್ಲಿಸಬೇಕು. ಅವನು ಸತ್ತಾಗ ಸಂಸ್ಕಾರಕ್ಕೆ ೩೦೦ ಸೆಸ್ಟರ್ಸ್ ದೊರೆಯುತ್ತದೆ. ಅದರಲ್ಲಿ ೫೦ ಚಿತೆಯ ಬಳಿ ನೆರೆದವರಿಗೆ ಹಂಚಿಕೆಯಾಗುತ್ತದೆ. ಇಪ್ಪತ್ತು ಮೈಲಿಗಿಂತ ದೂರದಲ್ಲಿ ಸತ್ತರೆ, ಸುದ್ದಿ ತಿಳಿದೊಡನೆ ಮೂವರು ಸದಸ್ಯರು ಅಲ್ಲಿಗೆ ಹೋಗಿ ಕಾರ್ಯವನ್ನು ನೆರವೇರಿಸಬೇಕು. ದಾಸನಾದ ಸದಸ್ಯನ ಶವವನ್ನು ಒಡೆಯನು ಅನ್ಯಾಯವಾಗಿ ಕೊಡದೆ ಹೋದರೆ, ಪ್ರತಿಮೆಯನ್ನಿಟ್ಟು ಸಂಸ್ಕಾರ ಮಾಡಬೇಕು. ಈ ಕೊನೆಯ ನಿಯಮವನ್ನು ಓದುವಾಗ, ಅದನ್ನು ಬರೆಸಿದವರ ಮನಸ್ಸಿನ ಭಯ ನಮಗೆ ಗೋಚರವಾಗದೆ ಇರದು.

ಸಂಘವಲ್ಲದೆ ಇನ್ನೊಂದು ಉಪಾಯವೂ ಇತ್ತು. ಸಮಾಧಿಯನ್ನು ಕಟ್ಟಿಸಿದವರು, ಇದು ಆಸ್ತಿಯ ವಾರಸುದಾರನಿಗೆ ಸೇರತಕ್ಕದ್ದಲ್ಲವೆಂದೂ, ತಮ್ಮಿಂದ ಬಿಡುಗಡೆ ಪಡೆದ ದಾಸದಾಸಿಯರಿಗೂ ಅವರ ಸಂತತಿಯವರಿಗೂ ಇಲ್ಲಿ ಸ್ಥಳವುಂಟೆಂದೂ ಬಾಗಿಲ ಮೇಲೆ ಬರೆಸುತ್ತಿದ್ದರು. ವಾರಸುದಾರನು ಮಾರಿಬಿಟ್ಟರೆ ಸಮಾಧಿ ಪರರ ಪಾಲಾಗುತ್ತದೆ. ಒಡೆಯನ ಹೆಸರನ್ನು ಹೊತ್ತವರಾದರೋ ತಮ್ಮ ಸ್ಥಳವನ್ನು ಬಿಟ್ಟುಕೊಡಲಾರರು. ಪ್ರತಿ ವರ್ಷ ಫೆಬ್ರವರಿ ೧೩ರಿಂದ ೨೧ರವರೆಗೆ ನಡೆಯುತ್ತಿದ್ದ ಪಿತೃಗಳ ಹಬ್ಬದಲ್ಲಿ ಬಂಧುಗಳು ಸಮಾಧಿಗೆ ಬಂದು ಹೂವನ್ನೂ ಧಾನ್ಯವನ್ನೂ ಅರ್ಪಿಸುತ್ತಿದ್ದರು. ಕೆಲವು ಸಮಾಧಿಗಳಲ್ಲಿ ಬೂದಿಯವರೆಗೆ ದ್ರಾಕ್ಷಾರಸವನ್ನು ಹೊಯ್ಯಲೆಂದು ಕೊಳವೆಯನ್ನೇ ಇರಿಸಿದ್ದರು. ನಮ್ಮಲ್ಲಿ ಮಹಾಲಯದ ಪಕ್ಷದಲ್ಲಿ ಹಿರಿಯರಿಗೆ ಎಡೆಯಿಡುವ ಮನೆಗಳವರಿಗೆ ಈ ಹಬ್ಬದ ಭಾವವನ್ನು ವಿವರಿಸಬೇಕಾಗಿಲ್ಲ.

ಕರಂಡವೊಂದನ್ನು ವಸ್ತುಸಂಗ್ರಹಾಲಯದಲ್ಲಿ ನೋಡುವಾಗ ನಮ್ಮ ಕಣ್ಣಿಗೆ ಬೀಳುವುದು ಟಗರಿನ ತಲೆ ಮತ್ತು ಹೂಮಾಲೆ. ತಿಂಗಳ ವಂತಿಗೆ, ಗೂಡಿನ ಹಕ್ಕು, ವರ್ಷದ ಎಡೆ, ಬಾಗಿಲ ಮೇಲಣ ನಿಷೇಧ ಇವೆಲ್ಲ ಅಲ್ಲಿ ಕಾಣುವುದಿಲ್ಲ. ಆದರೆ ಇವಿಲ್ಲದೆ ಕರಂಡವು ಸ್ಮಾರಕವಾಗಿರಲಿಲ್ಲ.

೫

ಈ ತಿಳಿವಳಿಕೆಯೊಡನೆ ಆತಕೂರಿಗೆ ಹಿಂದಿರುಗಿದರೆ, ಶಾಸನದಲ್ಲಿ ನಾವು ಸಾಮಾನ್ಯವಾಗಿ ದಾಟಿಹೋಗುವ ಕೊನೆಯ ಭಾಗವು ಮುಖ್ಯವಾಗಿ ಕಾಣತೊಡಗುತ್ತದೆ. ಬಿಟ್ಟ ಮಣ್ಣನ್ನು ಅಪಹರಿಸುವ ಒಕ್ಕಲಿಗನಿಗೂ, ನಾಡನ್ನು ಆಳುವವನಿಗೂ, ಊರನ್ನು ಆಳುವವನಿಗೂ ಆ ನಾಯಿ ಮಾಡಿದ ಪಾಪ ತಟ್ಟುತ್ತದೆಂದು ಅಲ್ಲಿ ಹೇಳಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು, ಎಂದರೆ ಶೈವ ಅರ್ಚಕನು, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ.

ದಾನಶಾಸನಗಳಲ್ಲಿ ಶಾಪವಾಕ್ಯಗಳು ಹೊಸತಲ್ಲ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರುವುದೆಂದು ನೂರಾರು ಕಲ್ಲುಗಳು ಹೇಳುತ್ತವೆ. ಇಲ್ಲಿಯಾದರೋ ಪಾಪವು ನಾಯಿಯದೇ. ಇದಕ್ಕೆ ಏನು ಅರ್ಥ? ನಮಗೆ ತೋರುವ ಸಮಾಧಾನ ಇದು: ಸತ್ತವನ ಆಸ್ತಿಯನ್ನು ಪಡೆದವನು ಅವನ ಋಣವನ್ನೂ ಪಿಂಡದ ಹೊಣೆಯನ್ನೂ ಪಡೆಯುತ್ತಾನೆಂಬುದು ನಮ್ಮ ಧರ್ಮಶಾಸ್ತ್ರಗಳಲ್ಲಿ ಸ್ವೀಕೃತವಾದ ಭಾವನೆ. ರೋಮಿನಲ್ಲಿಯೂ ಮನೆತನದ ಪಿತೃಕಾರ್ಯಗಳು ಆಸ್ತಿಯನ್ನು ಪಡೆದವನ ಮೇಲೆ ಬೀಳುತ್ತವೆಂದು ಅರ್ಚಕಮಂಡಲಿಯ ನಿಯಮವಿದ್ದುದನ್ನು ಸಿಸೆರೊ ಕಾನೂನನ್ನು ಕುರಿತ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ. ಕಾಳಿಗೆ ಮಕ್ಕಳು ಶ್ರಾದ್ಧ ಮಾಡುವಂತಿಲ್ಲ. ಅದರ ಹೆಸರಿನ ಎರಡು ಕಂಡುಗ ಗದ್ದೆಯ ಫಲವನ್ನು ಉಣ್ಣುವವನೇ ಅದಕ್ಕೆ ವಾರಸುದಾರ. ಉಂಡು, ಪೂಜೆಯನ್ನು ಮಾತ್ರ ಬಿಟ್ಟರೆ, ವಾರಸಿನಲ್ಲಿ ಉಳಿಯುವುದು ಪಾಪ. ಶಾಸನದ ಮಾತು ಕೇವಲ ಬೆದರಿಕೆಯಾಗಿರದೆ ಒಂದು ನ್ಯಾಯವನ್ನು ಅನುಸರಿಸಿದೆಯೆಂದು ಹೀಗೆ ಊಹಿಸಬಹುದು.

ಕಂಡುಗವೆಂಬುದು ಇಪ್ಪತ್ತು ಕೊಳಗದ ಅಳತೆ; ಅಷ್ಟು ಬೀಜ ಹಿಡಿಯುವ ನೆಲಕ್ಕೂ ಅದೇ ಹೆಸರು. ಕೆರೆಯ ಕೆಳಗಣ ಗದ್ದೆಯೆಂದರೆ ನೀರಿನ ಭರವಸೆಯುಳ್ಳ ನೆಲ. ಕಲ್ಲನ್ನು ಕೆತ್ತಿಸಿದವರು ಕೆತ್ತನೆಯ ಬಾಳಿಕೆಯನ್ನು ನಂಬಿ ಸುಮ್ಮನಾಗಲಿಲ್ಲ. ಉಳುವವನು, ಊರು, ನಾಡು, ಅರ್ಚಕ ಎಂಬ ನಾಲ್ಕು ಕೈಗಳಿಗೆ ನೆನಪನ್ನು ಒಪ್ಪಿಸಿದರು. ಲನುವಿಯಂನ ಸಂಘವು ಐದೈದು ಆಸ್‌ಗಳಿಂದ ಸಾಧಿಸಬಯಸಿದುದನ್ನೇ ಆತಕೂರಿನವರು ಕೆರೆಯ ನೀರಿನಿಂದ ಸಾಧಿಸಬಯಸಿದರು.

ನಾಯಿಗೆ ಸ್ಮಾರಕವೆಂಬುದೂ ಆತಕೂರಿಗೆ ಮಾತ್ರ ಸೇರಿದ ವಿಶೇಷವಲ್ಲ. ಮಾರ್ಗರೀಟ, ಎಂದರೆ ಮುತ್ತು, ಎಂಬ ಹೆಸರಿನ ಬೇಟೆನಾಯಿಗೆ ರೋಮಿನಲ್ಲಿ ಅಮೃತಶಿಲೆಯ ಫಲಕವನ್ನು ಬರೆಸಿದ್ದರು. ಅದು ಈಗ ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ. ಗಾಲ್ ದೇಶದಲ್ಲಿ ಹುಟ್ಟಿದ ಆ ನಾಯಿ ಕಾಡುಗಳಲ್ಲಿ ಬೇಟೆಯಾಡಿ, ಒಡೆಯರ ಮಡಿಲಲ್ಲಿ ಮಲಗಿ, ಕಡೆಗೆ ಮರಿಹಾಕುವಾಗ ಸತ್ತಿತೆಂದು ತಾನೇ ಹೇಳಿಕೊಳ್ಳುವಂತೆ ಪದ್ಯರೂಪದಲ್ಲಿ ಬರೆದಿದೆ. ರೋಮಿನ ಫಲಕವು ನಾಯಿಯ ಬದುಕನ್ನೂ ಒಡೆಯರ ಪ್ರೀತಿಯನ್ನೂ ಹೇಳುತ್ತದೆ. ಆತಕೂರಿನ ಕಲ್ಲು ಅದರ ಸಾವನ್ನೂ ಮುಂದಿನವರ ಕರ್ತವ್ಯವನ್ನೂ ಹೇಳುತ್ತದೆ.

೬

ಇಷ್ಟು ಸಾಮ್ಯವಿದ್ದರೂ ಒಂದು ಮುಖ್ಯ ಭೇದವನ್ನು ಮರೆಯಬಾರದು. ರೋಮನರು ಬೂದಿಯನ್ನು ಇಟ್ಟುಕೊಂಡರು. ಆದುದರಿಂದ ಪಾತ್ರೆಯನ್ನು ಅಲಂಕರಿಸಿದರು. ನಮ್ಮ ನಾಡಿನಲ್ಲಿಯೂ ಬಹು ಹಿಂದೆ ಪಾತ್ರೆಯಲ್ಲಿ ಮೃತರನ್ನು ಇರಿಸುವ ಪದ್ಧತಿಯಿತ್ತು. ೧೯೪೭ರಲ್ಲಿ ವೀಲರ್ ಅವರು ಬ್ರಹ್ಮಗಿರಿಯಲ್ಲಿ ನಡೆಸಿದ ಉತ್ಖನನದಲ್ಲಿ, ನೂತನ ಶಿಲಾಯುಗದ ಜನರು ಶಿಶುಗಳನ್ನು ಮಡಕೆಗಳಲ್ಲಿ ಹೂಳುತ್ತಿದ್ದುದು ಗೊತ್ತಾಯಿತು. ಕಾಲಾಂತರದಲ್ಲಿ ದಹನ ಮಾಡುವವರು ಅಸ್ಥಿಯನ್ನು ನದಿಗೆ ಬಿಡುವ ಪದ್ಧತಿ ನೆಲೆಗೊಂಡಿತು. ಹೂಳುವ ಪದ್ಧತಿಯುಳ್ಳ ಮನೆತನಗಳೂ ಈ ಸೀಮೆಯಲ್ಲಿ ಉಂಟು. ಮಂಡ್ಯ, ಮದ್ದೂರು, ಮಳವಳ್ಳಿಗಳ ಜನರಲ್ಲಿ ಅನೇಕರು ಅಸ್ಥಿಯನ್ನು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಯ್ಯುತ್ತಾರೆ. ೧೯೪೮ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದುದೂ ಅಲ್ಲಿಯೇ. ಬೂದಿಯನ್ನು ಹರಿಯುವ ನೀರಿಗೆ ಕೊಟ್ಟ ಮೇಲೆ ಅಲಂಕರಿಸಲು ಪಾತ್ರೆಯಿಲ್ಲ. ವೀರಗಲ್ಲು ದೇಹದ ಶೇಷವನ್ನು ಕಾಯುವ ಕಲ್ಲಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಸಾನ್ನಿಧ್ಯ, ತುದಿಯಲ್ಲಿ ಸೂರ್ಯಚಂದ್ರರು ಎಂಬ ಸಾಮಾನ್ಯ ಕ್ರಮವೇ ಇದನ್ನು ಸ್ಪಷ್ಟಪಡಿಸುತ್ತದೆ. ಅದು ಕಾಯುವುದು ಒಂದು ಕೃತ್ಯವನ್ನು. ಆ ಕೃತ್ಯಕ್ಕೆ ಸಾಕ್ಷಿಯಾಗಿ ಗುಡ್ಡ, ಕೆರೆ, ದೇಗುಲ, ಗದ್ದೆಗಳು ಸುತ್ತಲೂ ಇದ್ದರೆ ಮಾತ್ರ ಅದರ ಮಾತು ಪೂರ್ಣವಾಗುತ್ತದೆ.

೭

ಈ ಹೊಣೆಗಳು ಮುಂದೆ ಏನಾದವು? ಎರಡನೆಯ ಶತಮಾನದ ನಡುವಿನಿಂದ ರೋಮಿನಲ್ಲಿ ದಹನವು ಹಿಂದೆ ಬಿದ್ದು, ಹೂಳುವ ಪದ್ಧತಿ ಹರಡಿತು. ಕರಂಡಗಳ ಸ್ಥಾನವನ್ನು ದೊಡ್ಡ ಶವಪೆಟ್ಟಿಗೆಗಳು ಆಕ್ರಮಿಸಿದವು. ಸಂಘಗಳು ಅಳಿದವು. ಹದಿನೆಂಟನೆಯ ಶತಮಾನದಲ್ಲಿ ಸಮಾಧಿಗಳನ್ನು ಅಗೆದು ಕರಂಡಗಳನ್ನು ಇಂಗ್ಲೆಂಡಿನ ಶ್ರೀಮಂತ ಪ್ರವಾಸಿಗಳಿಗೆ ಮಾರಲಾಯಿತು. ಬೂದಿಯನ್ನು ಚೆಲ್ಲಿ, ಒಡೆದುದನ್ನು ಕೂಡಿಸಿ, ಒಂದರ ಮುಚ್ಚಳವನ್ನು ಇನ್ನೊಂದಕ್ಕೆ ಹೊಂದಿಸಿ, ಬರಹವಿಲ್ಲದ ಫಲಕದ ಮೇಲೆ ಹೊಸದಾಗಿ ಬರಹವನ್ನು ಕೊರೆದುದೂ ಉಂಟು. ಚಾರ್ಲ್ಸ್ ಟೌನ್ಲೆಯಂಥವರ ಸಂಗ್ರಹದಿಂದ, ೧೮೦೫ರಲ್ಲಿ ಅವನು ತೀರಿಕೊಂಡ ಮೇಲೆ, ಅನೇಕ ಶಿಲ್ಪಗಳು ಬ್ರಿಟಿಷ್ ಮ್ಯೂಸಿಯಮಿಗೆ ಸೇರಿದವು. ಇಂದು ಎಷ್ಟೋ ಕರಂಡಗಳ ಮೇಲೆ ಹೆಸರಿದೆ. ಅವು ಯಾವ ಗೂಡಿನಲ್ಲಿ, ಯಾರ ಪಕ್ಕದಲ್ಲಿ ಇದ್ದುವೆಂಬುದನ್ನು ತಿಳಿಯುವ ದಾರಿ ಮುಚ್ಚಿಹೋಗಿದೆ. ಕೊಂಡವರಿಗೆ ಬೇಕಾದುದು ಹೂಮಾಲೆ. ನೆರೆಹೊರೆಯನ್ನು ಯಾರೂ ಬರೆದಿಡಲಿಲ್ಲ.

ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಅದರ ಪುಣ್ಯ ದೊಡ್ಡದು: ಮೂಲಸ್ಥಾನ, ಪಾಠ, ಕಾಲ ಎಲ್ಲವೂ ದಾಖಲೆಯಾಗಿವೆ. ಅಕ್ಷರಗಳು ಮಳೆಬಿಸಿಲಿನಿಂದ ಉಳಿದುದು ಅಲ್ಲಿಗೆ ಹೋದುದರಿಂದಲೇ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಲ್ಲ ಕಲ್ಲುಗಳಿಗೂ ಈ ಪುಣ್ಯವಿಲ್ಲ. ವಿದ್ಯಾರ್ಥಿಗಳೊಡನೆ ಶಿಂಷಾ ಕಣಿವೆಯ ಹಳ್ಳಿಗಳಲ್ಲಿ ತಿರುಗಾಡುವಾಗ ನಾವು ಕಂಡ ವೀರಗಲ್ಲುಗಳಲ್ಲಿ ಕೆಲವು ಅರಿಸಿನ ಕುಂಕುಮವನ್ನು ಪಡೆದು ಊರ ದೇವರಾಗಿದ್ದವು. ಕೆಲವು ಕೆರೆಯ ಏರಿಯಲ್ಲಿ ಅರ್ಧ ಹೂತಿದ್ದವು. ಒಂದೆರಡು ಬಟ್ಟೆ ಒಗೆಯುವ ಕಲ್ಲುಗಳಾಗಿದ್ದವು. ರಸ್ತೆಯನ್ನು ಅಗಲಿಸುವಾಗ, ಹಳೆಯ ಗುಡಿಯನ್ನು ಕಿತ್ತು ಹೊಸದನ್ನು ಕಟ್ಟುವಾಗ ಇಂಥವು ಎಲ್ಲಿಗೆ ಹೋದುವೆಂದು ಕೇಳಿದರೆ, ಹೇಳುವವರಿಲ್ಲ. ಬರಹವಿಲ್ಲದ ವೀರಗಲ್ಲಿಗೆ ಅದು ನಿಂತ ಸ್ಥಳವೇ ಶಾಸನ. ಸ್ಥಳವನ್ನು ಕಳೆದುಕೊಂಡರೆ ಅದು ಟೌನ್ಲೆಯ ಕಾಲದ ಕರಂಡದಂತೆ ಕೇವಲ ಕೆತ್ತನೆಯಾಗಿ ಉಳಿಯುತ್ತದೆ.

ಆದುದರಿಂದ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಮ್ಮ ಸೂಚನೆ ಇಷ್ಟು. ತಮ್ಮ ಊರಿನ ಪ್ರತಿಯೊಂದು ವೀರಗಲ್ಲು, ಮಾಸ್ತಿಕಲ್ಲುಗಳ ವಿಷಯದಲ್ಲಿ, ಶಿಲ್ಪದ ವಿವರಗಳೊಡನೆ ಬೇರೆ ನಾಲ್ಕು ಸಂಗತಿಗಳನ್ನೂ ಬರೆದಿಡಬೇಕು: ಅದು ಯಾವ ದಿಕ್ಕಿಗೆ ಮುಖಮಾಡಿ ಎಲ್ಲಿ ನಿಂತಿದೆ, ಹತ್ತಿರದ ಕೆರೆ, ಗುಡಿ, ಹೊಲಗಳ ಹೆಸರೇನು, ಅದಕ್ಕೆ ಯಾವ ಮನೆಯವರು, ಯಾವ ದಿನ ಪೂಜೆ ಸಲ್ಲಿಸುತ್ತಾರೆ, ಆ ಕಲ್ಲನ್ನು ಕುರಿತು ಹಿರಿಯರು ಏನು ಹೇಳುತ್ತಾರೆ. ಹೊಲದ ಹೆಸರಿನಲ್ಲಿ ಹಳೆಯ ಮಾನ್ಯವೊಂದರ ಸುಳಿವು ಉಳಿದಿರಬಹುದು. ಪೂಜೆಯ ಸರದಿಯಲ್ಲಿ ಮರೆತ ಹಕ್ಕೊಂದರ ಸುಳಿವಿರಬಹುದು. ಕಲ್ಲು ಸ್ಥಳಾಂತರವಾಗಲೇಬೇಕಾದರೆ, ಎತ್ತುವುದಕ್ಕೆ ಮುನ್ನ ಈ ದಾಖಲೆ ಸಿದ್ಧವಾಗಿರಬೇಕು. ಇದಕ್ಕೆ ಹಣ ಹೆಚ್ಚು ಬೇಕಾಗಿಲ್ಲ. ಒಂದು ಟಿಪ್ಪಣಿ ಪುಸ್ತಕ, ಅಳತೆಯ ಪಟ್ಟಿ, ಛಾಯಾಚಿತ್ರ ಮತ್ತು ತಾಳ್ಮೆ ಇದ್ದರೆ ಸಾಕು.

ಕಾಳಿಯ ಕಲ್ಲನ್ನು ಪೂಜಿಸುವ ಗೊರವನು ಈಗಿಲ್ಲ; ಆ ಎರಡು ಕಂಡುಗ ಮಣ್ಣಿನ ಫಲ ಆ ಕಲ್ಲಿಗೆ ಸಲ್ಲುತ್ತಿಲ್ಲ. ಆದರೂ ಸಾವಿರ ವರ್ಷಗಳ ಮೇಲೆ ಆ ಕಲ್ಲಿನ ಫಲವನ್ನು ಉಣ್ಣುತ್ತಿರುವವರು ಒಬ್ಬರಿದ್ದಾರೆ: ಅದರ ಆಧಾರದ ಮೇಲೆ ತಕ್ಕೋಲದ ಇತಿಹಾಸವನ್ನು ಬರೆದು ಪಾಠ ಹೇಳುವ ನಾವು. ಶಾಸನದ ನ್ಯಾಯವನ್ನು ಅನುಸರಿಸುವುದಾದರೆ, ನಾಯಿಯ ಹೆಸರನ್ನೂ ಅದು ಮಡಿದ ಗುಡ್ಡವನ್ನೂ ವಿದ್ಯಾರ್ಥಿಗಳಿಗೆ ಹೇಳಿದ ಮೇಲೆಯೇ ಯುದ್ಧದ ವಿಷಯಕ್ಕೆ ಬರುವುದು ನಮಗೆ ಉಚಿತ.